ಪುಟ್ಟ ಕೂಸಿಗೆ ಕೆಫೀನ್!

ಮಕ್ಕಳೇ, ತಾತ ಬೆಳಗ್ಗೆ ಕುಡಿದ ಕಾಫಿಯ ಕೆಫೀನ್ ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಇಳಿದಿರುತ್ತದೆ. ಹಸುಗೂಸಿನ ಮೈಯಲ್ಲಾದರೆ ಮೂರು-ನಾಲ್ಕು ದಿನ ಬೇಕು. ಅದರ ಲಿವರ್ ಇನ್ನೂ ಕೆಲಸ ಕಲಿತಿರುವುದಿಲ್ಲ.

ಕೂಸಿಗೇಕೆ ಕೆಫೀನ್ ಅಂತೀರಾ? ತಿಂಗಳು ತುಂಬದೆ ಹುಟ್ಟಿದ ಕೂಸು ನಡುನಡುವೆ ಉಸಿರಾಡಲು ಮರೆಯುತ್ತದೆ. ಅದಕ್ಕೆ ಕೆಫೀನೇ ಔಷಧಿ. (ಕಾಫಿಯಲ್ಲ ಅಜ್ಜಿ, ಲೋಟ ಕೆಳಗಿಡಿ!) ಹೆಚ್ಚಾದರೆ ಎದೆ ಡವಡವ, ಕಡಿಮೆಯಾದರೆ ಮತ್ತೆ ಉಸಿರು ನಿಂತೀತು. ದೊಡ್ಡವರ ಲೆಕ್ಕವನ್ನು ಚಿಕ್ಕದು ಮಾಡಿದರೆ ಸಾಲದು.

ಈ ಲೆಕ್ಕ ಹುಡುಕುವುದರಲ್ಲೇ ವರ್ಷಗಟ್ಟಲೆ ದುಡಿಯುವ ಫಾರ್ಮಸಿಸ್ಟರು ಆಸ್ಪತ್ರೆಗಳಲ್ಲಿದ್ದಾರೆ. ಔಷಧಿ ಮೈಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ರಕ್ತ ನೋಡಬೇಕು. ಒಂದು ಕಿಲೋ ತೂಗುವ ಕೂಸಿನಲ್ಲಿ ರಕ್ತವೆಲ್ಲ ಸೇರಿ ಸುಮಾರು 90 ಮಿಲಿಲೀಟರ್, ತಾತನ ಕಾಫಿ ಲೋಟದಷ್ಟೂ ಇಲ್ಲ! ಅದರಲ್ಲಿ ಅವರು ತೆಗೆದುಕೊಳ್ಳುವುದು ಕೆಲವೇ ಹನಿ.