ಒಡೆಯುವ ಮೊದಲು ಒಮ್ಮೆ ನೋಡಿ



ಮಕ್ಕಳ ಕೈಯಲ್ಲಿರುವ ಮೊಬೈಲ್ ಆಟಗಳೆಲ್ಲವೂ ಕೇಡಿನ ಬೀಜಗಳೆಂದು ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ನಾನು ಪ್ರಬೋಧನೆ ಮಾಡಿದ್ದೆ. ಪೂಜೆ ಮುಗಿದ ಮೇಲೆ ಹಲವು ತಂದೆತಾಯಂದಿರು ಬಂದು, "ಸರಿಯಾಗಿ ಹೇಳಿದಿರಿ ಫಾದರ್" ಎಂದರು. ನನಗೂ ಸಂತೋಷವಾಯಿತು. ನಾನು ಖಂಡಿಸಿದ ಆಟಗಳಲ್ಲಿ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲವೆಂಬುದು ಆಗ ನನಗೆ ಕೊರತೆಯೆಂದು ತೋರಲಿಲ್ಲ.

ಆ ವಾರವೇ ಒಬ್ಬ ತಂದೆ ತಮ್ಮ ಹದಿಮೂರು ವರ್ಷದ ಮಗನ ಟ್ಯಾಬ್ಲೆಟ್ಟನ್ನು ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿ ಒಡೆದುಹಾಕಿದರು. ಹುಡುಗ ಅಳಲಿಲ್ಲ, ಎದುರಾಡಲಿಲ್ಲ. ಅಂದಿನಿಂದ ತಂದೆಯೊಡನೆ ಮಾತು ಬಿಟ್ಟ, ಅಷ್ಟೇ. ಎರಡು ತಿಂಗಳು ಕಳೆದರೂ ಮೌನ ಮುರಿಯದಿದ್ದಾಗ ತಾಯಿ ಅವನನ್ನು ನನ್ನ ಬಳಿಗೆ ಕರೆತಂದು, "ನೀವಾದರೂ ಇವನಿಗೆ ನಾಲ್ಕು ಬುದ್ಧಿಮಾತು ಹೇಳಿ ಫಾದರ್" ಎಂದು ಕಣ್ಣೊರೆಸಿಕೊಂಡರು.

ಹೇಳಲು ನಾನು ಸಿದ್ಧನಾಗಿಯೇ ಇದ್ದೆ. ಆದರೆ ಹುಡುಗ ತನ್ನ ಶಾಲಾಚೀಲದಿಂದ ಚೌಕುಳಿ ಗೆರೆಗಳ ಗಣಿತದ ಪುಸ್ತಕವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟ. ಪುಟಪುಟಗಳಲ್ಲೂ ಪೆನ್ಸಿಲಿನಿಂದ ಬರೆದ ನಕ್ಷೆಗಳು. ಒಂದು ದೊಡ್ಡ ಮನೆ, ಅದರ ಮಾಡು, ಬಾವಿ, ಉಗ್ರಾಣ, ಹೊಲ, ಹೊಲದ ನಡುವೆ ಅಳತೆಯಿಟ್ಟು ತೆಗೆದ ಕಾಲುವೆಗಳು.

"ಕಾಲುವೆಗಳೇಕೆ ಇಷ್ಟು ಹತ್ತಿರ?" ಎಂದೆ.

"ನೀರಿನಿಂದ ನಾಲ್ಕು ಚೌಕದಾಚೆಗೆ ಮಣ್ಣು ಒಣಗುತ್ತದೆ ಫಾದರ್."

"ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ಒಣಗಿದ್ದನ್ನು ನೋಡಿ ಗೊತ್ತಾಯಿತು." ಸ್ವಲ್ಪ ತಡೆದು ಹೇಳಿದ: "ಕಟ್ಟುವುದಕ್ಕೆ ಎರಡು ವರ್ಷ ಹಿಡಿಯಿತು. ಎಲ್ಲವೂ ಆ ಟ್ಯಾಬ್‌ನಲ್ಲೇ ಇತ್ತು. ಮರೆತುಹೋಗುವ ಮೊದಲು ಬರೆದಿಟ್ಟುಕೊಳ್ಳುತ್ತಿದ್ದೇನೆ."

ಓದುಗರೇ, ಆ ಕಲ್ಲಿನ ಮೇಲೆ ಒಡೆದದ್ದು ಕೇವಲ ಗಾಜಿನ ಫಲಕವಾಗಿರಲಿಲ್ಲ. ಅದನ್ನು ಒಡೆದ ಕೈ ತಂದೆಯದಾದರೂ ಕೈಯನ್ನು ಎತ್ತಿಸಿದ ಮಾತು ನನ್ನದು. ಆದುದರಿಂದ ಇಂದು ನಾನು ವಾದಿಸಹೊರಟಿರುವುದು ಮೊದಲಿಗೆ ನನ್ನ ವಿರುದ್ಧವೇ. ಅನಂತರ, ನೋಡದೆಯೇ ತೀರ್ಪು ಕೊಡುವ ನಮ್ಮೆಲ್ಲರ ಅಭ್ಯಾಸದ ವಿರುದ್ಧ.

ಆ ಹುಡುಗ ಆಡುತ್ತಿದ್ದ ಆಟದ ಹೆಸರು ಮೈನ್‌ಕ್ರಾಫ್ಟ್. 2009ರಲ್ಲಿ ಸ್ವೀಡನ್ನಿನ ಮಾರ್ಕುಸ್ ಪೆರ್ಸನ್ ಎಂಬ ತಂತ್ರಜ್ಞ ಯಾವ ದೊಡ್ಡ ಕಂಪನಿಯ ಆಶ್ರಯವೂ ಇಲ್ಲದೆ ಇದನ್ನು ರೂಪಿಸಲು ತೊಡಗಿದರು. 2011ರ ನವೆಂಬರ್ 18ರಂದು ಪೂರ್ಣ ರೂಪದಲ್ಲಿ ಹೊರಬಂದ ಈ ಆಟವನ್ನು 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 250 ಕೋಟಿ ಡಾಲರಿಗೆ ಕೊಂಡುಕೊಂಡಿತು. 2023ರ ಹೊತ್ತಿಗೆ ಇದರ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಒಬ್ಬ ವ್ಯಕ್ತಿ ಬಿಡುವಿನಲ್ಲಿ ಆರಂಭಿಸಿದ ಕೆಲಸದಲ್ಲಿ ಲೋಕದ ಮಕ್ಕಳು ಕಂಡದ್ದಾದರೂ ಏನು?

ಆಟ ಆರಂಭವಾದಾಗ ಮಗು ಒಂದು ನಿರ್ಜನ ನಾಡಿನಲ್ಲಿ ಬರಿಗೈಯಲ್ಲಿ ನಿಂತಿರುತ್ತದೆ. ಬೆಟ್ಟ, ಕಾಡು, ಹೊಳೆ, ಮರಳುಗಾಡು ಎಲ್ಲವೂ ಒಂದೊಂದು ಮೀಟರಿನ ಘನಗಳಿಂದಾದವು. ಪ್ರತಿ ಹೊಸ ಲೋಕವೂ ಮತ್ತೊಂದು ರೀತಿ. ಗುಡ್ಡದ ಆಚೆ ಏನಿದೆಯೆಂದು ತಿಳಿಯಬೇಕಾದರೆ ಗುಡ್ಡ ಹತ್ತಲೇಬೇಕು. ಮರದಿಂದ ಹಲಗೆ, ಹಲಗೆಯಿಂದ ಗುದ್ದಲಿ, ಮರದ ಗುದ್ದಲಿಯಿಂದ ಕಲ್ಲು, ಕಲ್ಲಿನ ಗುದ್ದಲಿಯಿಂದ ಕಬ್ಬಿಣ, ಕಬ್ಬಿಣದ ಗುದ್ದಲಿಯಿಂದ ವಜ್ರ. ಈ ಮೆಟ್ಟಿಲುಗಳಲ್ಲಿ ಒಂದನ್ನೂ ಹಾರಿ ಹೋಗಲಾಗದು. ಅವಸರಪಟ್ಟು ಕಲ್ಲಿನ ಗುದ್ದಲಿಯಿಂದ ವಜ್ರವನ್ನು ಅಗೆದರೆ ವಜ್ರ ನಾಶವಾಗುತ್ತದೆ, ಕೈಗೆ ಏನೂ ಸಿಗದು. ಆಟದ ಒಂದು ದಿನವೆಂದರೆ ನಮ್ಮ 20 ನಿಮಿಷ. ಸೂರ್ಯ ಮುಳುಗಿದೊಡನೆ ಅಪಾಯಕಾರಿ ಜೀವಿಗಳು ಹೊರಬರುವುದರಿಂದ ಅಷ್ಟರೊಳಗೆ ನಾಲ್ಕು ಗೋಡೆ, ಒಂದು ದೀಪ ಸಿದ್ಧವಾಗಿರಬೇಕು. ಮುಂದೆ ರೆಡ್‌ಸ್ಟೋನ್ ಎಂಬ ಕೆಂಪು ಪುಡಿ ಸಿಗುತ್ತದೆ. ತಂತಿಯಂತೆ ಅದನ್ನು ಹಾಸಿದರೆ ಸಂಕೇತ ಹರಿದು ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. 15 ಚೌಕಗಳ ಆಚೆಗೆ ಆ ಸಂಕೇತ ಹೋಗದು. ಏಕೆ, ಹೇಗೆ ಎಂದು ಹುಡುಕುವ ಮಗು ಗಣಕಯಂತ್ರದ ತರ್ಕವನ್ನೇ ಕಲಿಯುತ್ತಿರುತ್ತದೆ.

ಇಷ್ಟು ಅಂಕ ಬಂದರೆ ಗೆದ್ದೆ ಎಂಬ ಲೆಕ್ಕ ಇಲ್ಲಿಲ್ಲ. ಏನು ಕಟ್ಟಬೇಕೆಂದು ಆಜ್ಞಾಪಿಸುವವರೂ ಇಲ್ಲ. ಬೆಳಗ್ಗೆ ಟ್ಯೂಷನ್, ಹಗಲೆಲ್ಲ ಶಾಲೆ, ಸಂಜೆ ಮತ್ತೆ ಟ್ಯೂಷನ್ ಎಂದು ದಿನದ ಪ್ರತಿ ಗಳಿಗೆಯನ್ನೂ ನಾವೇ ಗೊತ್ತುಮಾಡಿಟ್ಟಿರುವ ಮಗುವಿಗೆ ತಾನಾಗಿ ಕಂಡುಕೊಳ್ಳಲು, ತಪ್ಪಲು, ಕೆಡವಿ ಮತ್ತೆ ಕಟ್ಟಲು ಉಳಿದಿರುವ ಜಾಗ ಎಲ್ಲಿದೆ ಹೇಳಿ! ನನ್ನ ಬಾಲ್ಯದಲ್ಲಿ ಮಳೆಗಾಲದ ಹಳ್ಳಕ್ಕೆ ಕಲ್ಲು, ಕೆಸರು, ಬಾಳೆದಿಂಡು ಒಡ್ಡಿ ಅಣೆಕಟ್ಟು ಕಟ್ಟುತ್ತಿದ್ದೆವು. ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಮರುದಿನ ಇನ್ನಷ್ಟು ಬಲವಾಗಿ ಕಟ್ಟುತ್ತಿದ್ದೆವು. ಇಂದು ಆ ಹಳ್ಳದ ಮೇಲೆ ಕಾಂಕ್ರೀಟು ಬಿದ್ದಿದೆ. ವಸತಿ ಸಮುಚ್ಚಯದ ಅಂಗಳದಲ್ಲಿ ಆಟ ನಿಷೇಧಿಸಿದೆಯೆಂಬ ಫಲಕ ತೂಗುತ್ತಿದೆ. ನಮ್ಮ ದೇವಾಲಯಗಳ ಮೈದಾನದ ಗೇಟಿಗೂ ಬೀಗ ಬಿದ್ದಿದೆ. ಬಯಲನ್ನೆಲ್ಲ ಕಸಿದುಕೊಂಡ ಹಿರಿಯರೇ ಮಕ್ಕಳು ಪರದೆಯೊಳಗೆ ಬಯಲನ್ನು ಹುಡುಕಿಕೊಂಡರೆಂದು ಕೋಪಿಸಿಕೊಳ್ಳುವುದು ಯಾವ ನ್ಯಾಯ?

"ಅಲ್ಲಿ ಕಟ್ಟಿದ ಮನೆಯಲ್ಲಿ ಯಾರಾದರೂ ವಾಸಿಸಲಾದೀತೇ?" ಎಂದು ಕೆಲವರು ಕೇಳುತ್ತಾರೆ. 2012ರಿಂದ ವಿಶ್ವಸಂಸ್ಥೆಯ ಮಾನವ ವಸತಿ ವಿಭಾಗವು ಬ್ಲಾಕ್ ಬೈ ಬ್ಲಾಕ್ ಎಂಬ ಯೋಜನೆಯಲ್ಲಿ ಇದೇ ಆಟವನ್ನು ಬಳಸುತ್ತಾ ಬಂದಿದೆ. ನೈರೋಬಿಯ ಕಿಬೇರಾ ಕೊಳೆಗೇರಿಯಂತಹ ಕಡೆಗಳಲ್ಲಿ, ವಾಸ್ತುಶಿಲ್ಪಿಯ ನಕ್ಷೆಯನ್ನು ಓದಲಾರದ ಜನರೂ ತಮ್ಮ ಮೈದಾನ ಹೇಗಿರಬೇಕೆಂದು ಪರದೆಯ ಮೇಲೆ ಕಟ್ಟಿ ತೋರಿಸಿದರು. 2020ರ ಮಾರ್ಚ್‌ನಲ್ಲಿ ಗಡಿರಹಿತ ವರದಿಗಾರರ ಸಂಘಟನೆಯು ಈ ಆಟದೊಳಗೇ ಒಂದು ಗ್ರಂಥಾಲಯವನ್ನು ತೆರೆದು, ತಮ್ಮ ದೇಶಗಳಲ್ಲಿ ನಿಷೇಧಕ್ಕೊಳಗಾದ ಪತ್ರಕರ್ತರ ಲೇಖನಗಳನ್ನು ಅಲ್ಲಿರಿಸಿತು. ವ್ಯಾಟಿಕನ್ನಿನಲ್ಲಿ ಸೇವೆಯಲ್ಲಿದ್ದ ಯೇಸುಸಭೆಯ ಗುರು ರಾಬರ್ಟ್ ಬ್ಯಾಲೆಸರ್ ಅವರು 2019ರಲ್ಲಿ, ಬೈಗುಳ ಹಿಂಸೆಗಳಿಲ್ಲದೆ ಯುವಜನರು ಕೂಡಿ ಆಡಲೆಂದು ಮೈನ್‌ಕ್ರಾಫ್ಟ್ ಸರ್ವರ್ ಒಂದನ್ನು ಆರಂಭಿಸಿದರು. ನಾನು ಬಲಿಪೀಠದ ಬಳಿ ನಿಂತು ಖಂಡಿಸಿದ್ದನ್ನು ನನ್ನಂತೆಯೇ ದೀಕ್ಷೆ ಪಡೆದ ಇನ್ನೊಬ್ಬ ಗುರು ಸೇವೆಯ ಸಾಧನವಾಗಿ ಬಳಸಿದ್ದರು! ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹಾಗೆಂದು ಎಲ್ಲ ಆಟಗಳಿಗೂ ನಾನು ವಕಾಲತ್ತು ವಹಿಸುತ್ತಿಲ್ಲ. ಮಗುವಿನ ಕೈಗೆ ಕೆಲಸ ಕೊಡುವ ಆಟ ಬೇರೆ, ಮನೆಯವರ ಜೇಬಿಗೆ ಕೈಹಾಕುವ ಆಟ ಬೇರೆ. ಹಣ ತೆತ್ತು ಮುಚ್ಚಿದ ಪೆಟ್ಟಿಗೆಯನ್ನು ತೆರೆದು ಅದೃಷ್ಟ ಪರೀಕ್ಷಿಸುವಂತೆ ಮಕ್ಕಳನ್ನು ಪ್ರಚೋದಿಸುವ ಆಟಗಳಿವೆ. ಅಂತಹ ಕೆಲವು ಪೆಟ್ಟಿಗೆಗಳು ಜೂಜೇ ಸರಿಯೆಂದು ಬೆಲ್ಜಿಯಂ ದೇಶ 2018ರಲ್ಲಿ ತೀರ್ಮಾನಿಸಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅದೇ ಕಾನೂನು ಕಲಿಕೆಯ ಹಾಗೂ ಮನರಂಜನೆಯ ಆಟಗಳನ್ನು ಬೇರೆಯಾಗಿಯೇ ಪರಿಗಣಿಸಿದೆ. ಕಾನೂನು ಗುರುತಿಸಿದ ಈ ಭೇದವನ್ನು ತಂದೆತಾಯಂದಿರೂ ಗುರುಗಳೂ ಗುರುತಿಸಲಾರರೇ?

ಮೈನ್‌ಕ್ರಾಫ್ಟ್ ಕೂಡ ದೋಷರಹಿತ ಸ್ವರ್ಗವಲ್ಲ. ಅದರೊಳಗೂ ಇಂದು ಅಂಗಡಿಯಿದೆ, ಅಪರಿಚಿತರೊಡನೆ ಆಡುವ ಅವಕಾಶವಿದೆ. 2014ರಲ್ಲಿ ಡೆನ್ಮಾರ್ಕಿನ ಸರ್ಕಾರಿ ಇಲಾಖೆಯೊಂದು ಶಾಲೆಗಳಿಗಾಗಿ ಇಡೀ ದೇಶವನ್ನೇ ಯಥಾಪ್ರಮಾಣದಲ್ಲಿ ಈ ಆಟದೊಳಗೆ ನಿರ್ಮಿಸಿದಾಗ, ಕೆಲವರು ಒಳನುಗ್ಗಿ ಸಿಡಿಮದ್ದಿಟ್ಟು ಕಟ್ಟಡಗಳನ್ನು ಉರುಳಿಸಿದರು. ಮನುಷ್ಯನು ಹೊಕ್ಕ ಲೋಕದಲ್ಲೆಲ್ಲ ಕೆಡಹುವ ಚಪಲವೂ ಅವನೊಡನೆ ಹೋಗುತ್ತದೆ. ಮಿತಿ ಮೀರಿದ ಆಟ ರೋಗವಾಗಬಲ್ಲದೆಂಬುದನ್ನೂ ನಾನು ಅಲ್ಲಗಳೆಯೆನು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅದನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿತು. ಆದರೆ ಆ ಸಂಸ್ಥೆ ಇಟ್ಟ ಅಳತೆಗೋಲನ್ನು ಗಮನಿಸಿ. ಆಟದ ಮೇಲೆ ಹಿಡಿತ ತಪ್ಪಿ, ಬದುಕಿನ ಉಳಿದೆಲ್ಲವೂ ಹಿಂದೆ ಬಿದ್ದು, ಹಾನಿ ಕಣ್ಣೆದುರಿಗಿದ್ದರೂ ನಿಲ್ಲಿಸಲಾಗದೆ, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹಾಗೆಯೇ ಮುಂದುವರಿದರೆ ಅದು ರೋಗ. ಅಂತಹ ಮಗುವಿಗೆ ವೈದ್ಯರ ನೆರವು ಬೇಕು. ಒಗೆಯುವ ಕಲ್ಲು ಅದಕ್ಕೆ ಔಷಧವಲ್ಲ.

ಆದುದರಿಂದ ತಂದೆತಾಯಂದಿರಲ್ಲಿ ನನ್ನ ಬೇಡಿಕೆಗಳು ಇಷ್ಟೇ. ಬೈಯುವ ಮೊದಲು ಅರ್ಧ ಗಂಟೆ ಮಗುವಿನ ಪಕ್ಕದಲ್ಲಿ ಕುಳಿತು, "ಇದೇನು ಕಟ್ಟಿದ್ದೀಯಾ, ತೋರಿಸು" ಎಂದು ಕೇಳಿ. ಹೊತ್ತನ್ನು ನಿಗದಿಪಡಿಸಿ, ಆ ಹೊತ್ತಿನಲ್ಲಿ ನಿಮ್ಮ ಕೈಯ ಮೊಬೈಲನ್ನೂ ಕೆಳಗಿಡಿ. ಆಟ ಮುಚ್ಚಿದ ಕೋಣೆಯಲ್ಲಿ ಬೇಡ, ನಡುಮನೆಯಲ್ಲಿ ನಡೆಯಲಿ. ಅಪರಿಚಿತರ ಸಹವಾಸ ಬೇಡ. ಪರದೆಯಲ್ಲಿ ಕಟ್ಟಿದ ಕೈಗಳಿಗೆ ಮಣ್ಣು, ಮರ, ಸುತ್ತಿಗೆಗಳೂ ಸಿಗಲಿ. ನನ್ನ ಸಹಗುರುಗಳಲ್ಲಿಯೂ ಒಂದು ಬೇಡಿಕೆಯಿದೆ: ಮೈದಾನದ ಬೀಗ ತೆಗೆಯಿರಿ. ನಾನು ತೆಗೆಸಿದ್ದೇನೆ. ಎರಡು ಕಿಟಕಿ ಗಾಜುಗಳು ಹೋದವು. ದೇವಾಲಯವೇನೂ ಬಿದ್ದುಹೋಗಲಿಲ್ಲ.

ಆ ಹುಡುಗನ ಕ್ಷಮೆಯನ್ನು ನಾನು ಕೇಳಿದೆ. ಅವನ ಅಪ್ಪಣೆ ಪಡೆದು ಪುಸ್ತಕವನ್ನು ಅವನ ತಂದೆಗೆ ಕೊಟ್ಟೆ. ಅವರು ಗಾರೆ ಕೆಲಸದ ಮೇಸ್ತ್ರಿ. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟವನ್ನು ತಿರುವಿ ಬಹಳ ಹೊತ್ತು ನೋಡಿದರು. ಕೊನೆಗೆ ಮನೆಯ ಚಿತ್ರದ ಮೇಲೆ ಬೆರಳಿಟ್ಟು, "ಈ ಮಾಡು ನಿಲ್ಲೋದಿಲ್ಲ ಮಗಾ, ನಡುವೆ ಒಂದು ಕಂಬ ಬೇಕು" ಎಂದರು.

"ಆಟದಲ್ಲಿ ನಿಲ್ಲುತ್ತೆ ಅಪ್ಪಾ" ಎಂದ ಹುಡುಗ. ಎರಡು ತಿಂಗಳ ಬಳಿಕ ಅವನು ತಂದೆಯೊಡನೆ ಆಡಿದ ಮೊದಲ ಮಾತು ಅದು.

ಒಡೆದುಹೋದ ಆ ಲೋಕ ಮರಳಿ ಬರಲಿಲ್ಲ, ಬರುವುದೂ ಇಲ್ಲ. ಒಂದು ಪ್ರಶ್ನೆಯನ್ನು ಎರಡು ತಿಂಗಳ ಮೊದಲೇ ಕೇಳಿದ್ದರೆ ಅದು ಉಳಿಯುತ್ತಿತ್ತು. ನಿಮ್ಮ ಮನೆಯಲ್ಲಿ ಇನ್ನೂ ಹೊತ್ತು ಮೀರಿಲ್ಲ. ಈ ಸಂಜೆಯೇ ಕೇಳಿ.