ಬಲವೇ ದೌರ್ಬಲ್ಯವಾದಾಗ

ವ್ಯಕ್ತಿಗೆ ಆತ್ಮಪರೀಕ್ಷೆ ಎಷ್ಟು ಅವಶ್ಯವೋ ಸಂಸ್ಥೆಗೂ ಅಷ್ಟೇ ಅವಶ್ಯ. ಅಂಗಡಿಯಿರಲಿ, ಸಹಕಾರ ಸಂಘವಿರಲಿ, ಶಾಲೆಯಿರಲಿ, ವರ್ಷಕ್ಕೊಮ್ಮೆ ಅದರ ಲೆಕ್ಕಪತ್ರಗಳ ಪರಿಶೋಧನೆ ನಡೆಯುತ್ತದೆ. ಆದರೆ ಹಣದ ಲೆಕ್ಕವನ್ನು ನೋಡುವಷ್ಟು ಶ್ರದ್ಧೆಯಿಂದ ಸಂಸ್ಥೆಯ ಬಲಾಬಲಗಳ ಲೆಕ್ಕವನ್ನು ನೋಡುವವರು ವಿರಳ.

ಈ ಲೆಕ್ಕಕ್ಕೆ ವ್ಯವಸ್ಥಾಪನ ಶಾಸ್ತ್ರದಲ್ಲಿ ಒಂದು ಸರಳ ವಿಧಾನವುಂಟು. 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಇದಕ್ಕೆ ‘ಸ್ವಾಟ್’ ಎಂದು ಹೆಸರು. ಕಾಗದವೊಂದನ್ನು ನಾಲ್ಕು ಮನೆಗಳಾಗಿ ವಿಂಗಡಿಸಿ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳನ್ನು ಬರೆಯುವುದೇ ಇದರ ಕ್ರಮ. ಮೊದಲಿನ ಎರಡು ಸಂಸ್ಥೆಯ ಒಳಗಿನವು, ನಮ್ಮ ಕೈಯಲ್ಲಿರುವಂಥವು. ಕಡೆಯ ಎರಡು ಹೊರಗಿನವು, ನಾವು ಕರೆಯದಿದ್ದರೂ ಬರುವಂಥವು.

ಕೇಳಲು ಇಷ್ಟು ಸುಲಭವಾದ ಈ ವಿಧಾನದ ಆಳವನ್ನರಿಯಲು ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ನೋಡಬಹುದು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಎಚ್.ಎಂ.ಟಿ. ಕಾರ್ಖಾನೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. ಜನತಾ, ಪೈಲಟ್, ಕಾಂಚನ್ ಮೊದಲಾದ ಹೆಸರುಗಳು ಮನೆಮಾತಾದವು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಹಸೆಮಣೆ ಏರುವ ಅಳಿಯನಿಗೆ ಈ ಗಡಿಯಾರವೇ ಉಡುಗೊರೆ. ಜಾಲಹಳ್ಳಿಯಲ್ಲಿಯೂ ತುಮಕೂರಿನಲ್ಲಿಯೂ ಸಹಸ್ರಾರು ಕುಟುಂಬಗಳ ಒಲೆ ಉರಿದದ್ದು ಈ ಉದ್ಯಮದಿಂದಲೇ.

1980ರ ವೇಳೆಗೆ ಈ ಸಂಸ್ಥೆಯ ನಾಲ್ಕು ಮನೆಗಳನ್ನು ಯಾರಾದರೂ ತುಂಬಿದ್ದರೆ ಬಲದ ಮನೆಯೇ ತುಂಬಿ ತುಳುಕುತ್ತಿತ್ತು: ನುರಿತ ಕೆಲಸಗಾರರು, ದೇಶದ ನಂಬಿಕೆ, ತಯಾರಾದುದೆಲ್ಲಾ ಖರ್ಚಾಗುವಷ್ಟು ಬೇಡಿಕೆ. ಆದರೆ ಹೊರಗಿನ ಕಾಲ ಆಗಲೇ ಬದಲಾಗಿತ್ತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಪ್ರಪಂಚದ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. ಬ್ಯಾಟರಿಯಿಂದ ನಡೆಯುವ ಇಂತಹ ಗಡಿಯಾರಕ್ಕೆ ದಿನವೂ ಕೀಲಿ ಕೊಡುವ ಗೋಜಿಲ್ಲ. ಇಂದು ಬಳಕೆಯಲ್ಲಿರುವ ಬಗೆಯಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳೊಂದು ಕಾಲವನ್ನು ಅಳೆಯುತ್ತದೆ.

1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಸರಕಾರದ ಕೈಗಾರಿಕಾ ನಿಗಮವೂ ಕೂಡಿ ಟೈಟನ್ ಕಂಪನಿಯನ್ನು ಆರಂಭಿಸಿದವು. ಬೆಂಗಳೂರಿಗೆ ಸಮೀಪದ ಹೊಸೂರಿನಲ್ಲಿ ಅದರ ಕಾರ್ಖಾನೆ ತಲೆಯೆತ್ತಿತು. ಅದು ಕ್ವಾರ್ಟ್ಜನ್ನೇ ನಂಬಿತು. ಗಡಿಯಾರವನ್ನು ವೇಳೆ ನೋಡುವ ಸಾಧನವೆಂದಷ್ಟೇ ಬಗೆಯದೆ ಆಭರಣದಂತೆ ಬಗೆಬಗೆಯ ವಿನ್ಯಾಸಗಳಲ್ಲಿ, ತನ್ನದೇ ಮಳಿಗೆಗಳಲ್ಲಿ ಮಾರಿತು. ಎಚ್.ಎಂ.ಟಿ.ಯೂ ಕ್ವಾರ್ಟ್ಜ್ ಗಡಿಯಾರಗಳನ್ನು ಮಾಡದಿರಲಿಲ್ಲ. ಆದರೆ ಅದರ ಕೈ, ಮನಸ್ಸು, ಯಂತ್ರಗಳೆಲ್ಲವೂ ಕೀಲಿ ಕೊಡುವ ಗಡಿಯಾರದಲ್ಲಿಯೇ ಪಳಗಿದ್ದವು. ಯಾವುದು ಬಲವಾಗಿತ್ತೋ ಅದೇ ಹೆಜ್ಜೆಗೆ ಭಾರವಾಯಿತು. ವರ್ಷಗಟ್ಟಲೆ ನಷ್ಟದ ಬಳಿಕ 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಸಮ್ಮತಿಸಿತು. ಉಳಿದಿದ್ದ ನೌಕರರಿಗೆ ಸ್ವಯಂನಿವೃತ್ತಿಯೇ ಗತಿಯಾಯಿತು.

ಇದರಲ್ಲಿ ಕೆಲಸಗಾರರ ಕೈಚಳಕದ ಕೊರತೆ ಇರಲಿಲ್ಲವೆಂಬುದನ್ನು ಮರೆಯಬಾರದು. ಅವರು ಮಾಡಿದ ಗಡಿಯಾರಗಳನ್ನು ಹುಡುಕಿ ಸಂಗ್ರಹಿಸುವವರು ಈಗಲೂ ಇದ್ದಾರೆ. ನಾವು ಕಲಿಯಬೇಕಾದ ಪಾಠವಿಷ್ಟೆ: ಬಲವೆಂಬುದು ತನ್ನಷ್ಟಕ್ಕೆ ತಾನೇ ಬಲವಲ್ಲ, ಹೊರಗಿನ ಕಾಲದೊಡನೆ ಹೋಲಿಸಿದಾಗಲೇ ಅದರ ನಿಜವಾದ ತೂಕ ತಿಳಿಯುವುದು.

ಆದುದರಿಂದಲೇ ಹೈನ್ಜ್ ವೈರಿಕ್ ಎಂಬ ವಿದ್ವಾಂಸರು 1982ರಲ್ಲಿ ಈ ವಿಧಾನವನ್ನು ಮುಂದಕ್ಕೆ ಒಯ್ದು, ಒಳಗಿನದನ್ನು ಹೊರಗಿನದರೊಡನೆ ಜೋಡಿಸಿ ನೋಡುವ ಕ್ರಮವನ್ನು ತೋರಿಸಿದರು. ನಮ್ಮ ಬಲದಿಂದ ಯಾವ ಅವಕಾಶವನ್ನು ಹಿಡಿಯಬಹುದು? ಅದೇ ಬಲದಿಂದ ಯಾವ ಅಪಾಯವನ್ನು ತಡೆಯಬಹುದು? ಅವಕಾಶವನ್ನು ಬಳಸಿ ಯಾವ ದೌರ್ಬಲ್ಯವನ್ನು ನೀಗಬಹುದು? ದೌರ್ಬಲ್ಯವೂ ಅಪಾಯವೂ ಕೂಡುವೆಡೆಯಲ್ಲಿ ನಾವು ಯಾವುದನ್ನು ಕೈಬಿಡಬೇಕು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆಯದಿದ್ದರೆ ನಾಲ್ಕು ಮನೆಗಳ ಪಟ್ಟಿ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಒಂದೂರಿನ ಪತ್ತಿನ ಸಹಕಾರ ಸಂಘವನ್ನು ಕಲ್ಪಿಸಿಕೊಳ್ಳೋಣ. ಸದಸ್ಯರ ಮೂರು ತಲೆಮಾರಿನ ವಿಶ್ವಾಸ ಅದರ ಬಲ. ನಿಧಾನದ ವ್ಯವಹಾರ ದೌರ್ಬಲ್ಯ. ದುಡಿಯತೊಡಗಿದ ಸದಸ್ಯರ ಮಕ್ಕಳು ಅವಕಾಶ. ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಸಾಲ ನೀಡುವವರು ಅಪಾಯ. ವಿಶ್ವಾಸವೊಂದೇ ಸಾಕೆಂದು ಸಂಘ ಕುಳಿತರೆ ತಂದೆಯ ಖಾತೆ ಉಳಿದೀತು, ಮಗಳ ಖಾತೆ ಬಾರದು. ಆ ವಿಶ್ವಾಸದೊಡನೆ ಶೀಘ್ರತೆಯನ್ನೂ ಕೂಡಿಸಿ, ದುಬಾರಿ ಬಡ್ಡಿಯ ಬಲೆಯಿಂದ ಎಳೆಯರನ್ನು ಕಾಪಾಡುವೆನೆಂದು ಹೊರಟರೆ ಅದೇ ಕಾರ್ಯನೀತಿ.

ಇಂತಹ ಪರಾಮರ್ಶೆಗೆ ಅಧ್ಯಕ್ಷರು, ನಿರ್ದೇಶಕರು ಮಾತ್ರ ಕುಳಿತರೆ ಬಲದ ಮನೆಯೇ ದೊಡ್ಡದಾಗುವುದು ಸಹಜ. ಕೌಂಟರಿನಲ್ಲಿ ಕೂಡುವ ಗುಮಾಸ್ತನನ್ನೂ, ಸಂಘವನ್ನು ಬಿಟ್ಟುಹೋದ ಸದಸ್ಯನನ್ನೂ, ಮನೆಯ ಖರ್ಚುವೆಚ್ಚವನ್ನು ತೂಗಿಸುವ ತಾಯಂದಿರನ್ನೂ ಕರೆದು ಕೇಳಬೇಕು. ಅವರ ಮಾತು ಕಹಿಯಾದರೂ ಔಷಧಿಯಂತೆ ಹಿತಕರ.

ಸಂಸ್ಥೆ ಸುಸ್ಥಿತಿಯಲ್ಲಿರುವಾಗಲೇ ಈ ಕಾರ್ಯ ನಡೆಯಬೇಕು. ಅಟ್ಟ ಮೇಲೆ ಒಲೆ ಉರಿದರೆ, ಕೆಟ್ಟ ಮೇಲೆ ಬುದ್ಧಿ ಬಂದರೆ ಪ್ರಯೋಜನವಿಲ್ಲವೆಂದು ಹಿರಿಯರು ಹೇಳಿದ್ದು ಸಂಸಾರಕ್ಕೆ ಹೇಗೋ ಸಂಸ್ಥೆಗೂ ಹಾಗೆಯೇ ಅನ್ವಯಿಸುತ್ತದೆ.