ಅವರ ಹೆಸರನ್ನು ಬಾಯಿಬಿಟ್ಟು ಹೇಳಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ (ಟಿ.ಬಿ.) ಡ್ಯಾಂನ 19ನೇ ಕ್ರಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋಯಿತು. ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ನಾಟಿಯ ಕಾಲ. ಕಟ್ಟಿಟ್ಟ ನೀರೆಲ್ಲ ಹೊಳೆಪಾಲಾಗುತ್ತಿದ್ದಾಗ ಬಂದವರು ಕನ್ನಯ್ಯ ನಾಯ್ಡು, ಎಂದೋ ನಿವೃತ್ತರಾಗಿದ್ದ ಇಳಿವಯಸ್ಸಿನ ಗೇಟ್ ತಜ್ಞ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆಹಲಗೆ ಇಳಿಸಿ, ಒಂದು ವಾರದಲ್ಲಿ ಆ ಗೇಟಿನ ಬಾಯಿ ಮುಚ್ಚಿಸಿದರು. ನಾವೆಲ್ಲ ಹಾಡಿ ಹೊಗಳಿದೆವು.

ಸರಿ. ನಮ್ಮದೇ ಪಡಸಾಲೆಯಲ್ಲಿ ಕೂತಿರುವ ಹಿರಿಯರನ್ನು ಒಂದು ಮಾತು ಕೇಳಿ ಎಷ್ಟು ದಿನವಾಯಿತು?

ಎದೆಹಾಲಿನ ಋಣ, ಹೆಗಲ ಮೇಲೆ ಕೂತು ನೋಡಿದ ತೇರು, ಅವನ್ನೆಲ್ಲ ಬಿಡಿ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ವರ್ಷಕ್ಕೊಮ್ಮೆ ತೀರಿಸುತ್ತೇವೆ. ಮೀಸೆ ಬಂದ ಮೇಲೆ, ಮದುವೆಯಾದ ಮೇಲೆ, ನಮಗೇ ಮಕ್ಕಳಾದ ಮೇಲೆ ಅವರಿಂದ ಪಡೆದದ್ದರ ಲೆಕ್ಕ ಕೇಳುತ್ತಿದ್ದೇನೆ. ಅದನ್ನು ನಾವು ಯಾರೂ ಬಾಯಿಬಿಡುವುದಿಲ್ಲ. ಒಪ್ಪಿಕೊಂಡರೆ 'ಸ್ವಂತ ದುಡಿಮೆಯಿಂದ ಮೇಲೆ ಬಂದವನು' ಎಂಬ ಬಿರುದು ಹೋಗುತ್ತದಲ್ಲ!

ಸಂಡೂರು, ಹೊಸಪೇಟೆಯವರಿಗೆ 2011 ನೆನಪಿರಲೇಬೇಕು. ಅದಿರಿನ ದುಡ್ಡು ಹರಿದಾಡುತ್ತಿದ್ದಾಗ ಕಂತಿನ ಮೇಲೆ ಟಿಪ್ಪರ್ ತಂದವರು ನಮ್ಮ ಹುಡುಗರು. 'ಇದು ಭಾಳ ದಿನ ನಡೆಯಂಗಿಲ್ಲಪ್ಪ, ಹೊಲ ಬಿಡಬ್ಯಾಡ' ಎಂದ ಅಪ್ಪನಿಗೆ ಸಿಕ್ಕ ಉತ್ತರ, 'ನಿನಗೇನ್ ಗೊತ್ತಾಗುತ್ತ ಸುಮ್ನಿರು'. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿಗಳು ನಿಂತಲ್ಲೇ ತುಕ್ಕು ಹಿಡಿದವು, ಕಂತು ನಿಲ್ಲಲಿಲ್ಲ. ಫೈನಾನ್ಸಿನವರು ಬಾಗಿಲಿಗೆ ಬಂದಾಗ ಒತ್ತೆಗೆ ಹೋದದ್ದು ಅವ್ವನ ಬೋರಮಾಳ, ಹೊಟ್ಟೆಗಾದದ್ದು ಅಪ್ಪ ಹಟಹಿಡಿದು ಉಳಿಸಿಕೊಂಡಿದ್ದ ಹೊಲದ ಜೋಳ. 'ನಾ ಆಗಲೇ ಹೇಳಿದ್ದೆ' ಎಂಬ ಮಾತನ್ನು ಎಷ್ಟು ಅಪ್ಪಂದಿರು ನುಂಗಿಕೊಂಡರೋ! ಅದಕ್ಕೂ ನಾವು ಸಾಲಗಾರರೇ.

ಕೃಷ್ಣದೇವರಾಯ ತನ್ನ ಮಂತ್ರಿ ತಿಮ್ಮರಸನನ್ನು ಅಪ್ಪಾಜಿ ಎನ್ನುತ್ತಿದ್ದನೆಂದು ಹಂಪಿಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಮಗ ತಿರುಮಲ ಸತ್ತಾಗ, ವಿಷವಿಕ್ಕಿದರೆಂಬ ಗುಮಾನಿಯಲ್ಲಿ ಅದೇ ಅಪ್ಪಾಜಿಯ ಕಣ್ಣು ತೆಗೆಸಿದನೆಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಆ ಭಾಗ ನುಂಗಿಬಿಡುತ್ತೇವೆ. ಬೇಕಿರುವಷ್ಟು ದಿನ ಅಪ್ಪಾಜಿ, ಆಮೇಲೆ ಗುಮಾನಿ. ಪಹಣಿಯಲ್ಲಿ ಹೆಸರು ಬದಲಾದ ಮರುದಿನದಿಂದ ಎಷ್ಟೋ ಮನೆಗಳ ಕಥೆ ಇದೇ.

ಹಿರಿಯರ ಪಾಲನೆಗೆ ಕಾಯ್ದೆ ಇದೆ, 2007ರದ್ದು. ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು, ಷರತ್ತಿನ ಮೇಲೆ ಕೊಟ್ಟ ದಾನಪತ್ರ ರದ್ದಾಗಲೂಬಹುದು. ಜೀವನಾಂಶ ಕೊಡಿಸುವುದು ಕಾಯ್ದೆಗೆ ಸಾಧ್ಯ. 'ನೀ ಏನಂತಿ ಅಪ್ಪ?' ಎಂದು ಕೇಳುವ ಮಗನನ್ನು ಯಾವ ಕಚೇರಿಯೂ ಕೊಡಿಸಲಾರದು.

ಆದ್ದರಿಂದ ಕೇಳಿ. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುಂಚೆ ಕೂರಿಸಿಕೊಂಡು ಪೂರ್ತಿ ಲೆಕ್ಕ ಹೇಳಿ, ಬೇಡವೆಂದರೆ ಯಾಕೆಂದು ಕೇಳಿ. ಒಪ್ಪಲೇಬೇಕೆಂದೇನಿಲ್ಲ, ಹಿರಿಯರು ಹೇಳಿದ್ದೆಲ್ಲ ಸರಿಯೆಂದು ನಾನೆಲ್ಲಿ ಅಂದೆ? ಕೂಸನ್ನು ಅವ್ವನ ಮಡಿಲಿಗೆ ಹಾಕಿ ತೋರಣಗಲ್ಲಿನ ಕಾರ್ಖಾನೆಯ ಪಾಳಿಗೆ ಓಡುವವರೇ, ನಿಮ್ಮ ಪಗಾರದಲ್ಲಿ ಅವಳ ದುಡಿಮೆಯೂ ಇದೆ ಎಂದು ಮನೆಮಂದಿಯೆಲ್ಲ ಕೇಳುವಂತೆ ಹೇಳಿ. ಗೃಹಪ್ರವೇಶದ ದಿನ ನೆಂಟರು 'ಮನೆ ಚೆಂದ ಕಟ್ಟಿಸಿಯಪ್ಪ' ಎಂದಾಗ, ಪಾಯದ ದುಡ್ಡು ಯಾರದೆಂದು ಅವರ ಎದುರಿಗೇ ಹೇಳಿ. ಮತ್ತೆ, ಸತ್ತ ಮೇಲೆ ಸರ್ಕಲ್ಲಿನಲ್ಲಿ ಕಟ್ಟಿಸುವ ಶ್ರದ್ಧಾಂಜಲಿ ಫ್ಲೆಕ್ಸಿನ ದುಡ್ಡಿನಲ್ಲಿ ಈಗಲೇ, ಈ ವಾರವೇ, ಅವರ ಕಣ್ಣಿನ ಪೊರೆ ತೆಗೆಸಿ.